ಹೊರದೇಶಕ್ಕೆ ಹೊರಡುವ ವಿನಿಮಯ ಸ್ಕಾಲರ್‌ಗಳ ತಯಾರಿ: ಸಿಗುವ ಒಂದು ದಿನವನ್ನು ಯಾವುದಕ್ಕೆ ಬಳಸಬೇಕು?

ಸಂಯೋಜಕಿ

ಎಲ್ಲರಿಗೂ ನಮಸ್ಕಾರ. ವಿನಿಮಯ ಕಾರ್ಯಕ್ರಮದಲ್ಲಿ ಹೊರದೇಶಕ್ಕೆ ಹೋಗುವವರಿಗೆ ಹೊರಡುವ ಮುಂಚಿನ ಕಾರ್ಯಾಗಾರ ನಡೆಸುವುದು ನನ್ನ ಕೆಲಸ. ಈ ಸಲದ ತಂಡದಲ್ಲಿ ಎಲ್ಲ ಥರದವರೂ ಇದ್ದಾರೆ. ಒಂದು ಸೆಮಿಸ್ಟರ್ ಓದಲು ಹೋಗುವ ವಿದ್ಯಾರ್ಥಿಗಳು, ಪಿಎಚ್‌ಡಿ ಮಧ್ಯದಲ್ಲಿ ಕೆಲವು ತಿಂಗಳು ಬೇರೆ ಲ್ಯಾಬ್‌ನಲ್ಲಿ ಕೆಲಸ ಮಾಡುವವರು, ಮನೆಯವರನ್ನೂ ಕರೆದುಕೊಂಡು ಹೋಗುವ ಅಧ್ಯಾಪಕರು. ಅಮೆರಿಕ, ಜರ್ಮನಿ, ಜಪಾನ್ ಕಡೆ ಹೋಗುವವರೇ ಜಾಸ್ತಿ.

ನನಗೆ ಸಿಗುವುದು ಒಂದೇ ದಿನ. ಇಲ್ಲಿಯವರೆಗೆ ಬೆಳಿಗ್ಗೆ ವೀಸಾ, ಮಧ್ಯಾಹ್ನ ವಿಮೆ ಮತ್ತು ಬ್ಯಾಂಕು, ಸಂಜೆ ಸಂಸ್ಕೃತಿಯ ಬಗ್ಗೆ ಒಂದಷ್ಟು ಸ್ಲೈಡು ಇರುತ್ತಿತ್ತು. ಎಲ್ಲರೂ ಶ್ರದ್ಧೆಯಿಂದ ಬರೆದುಕೊಳ್ಳುತ್ತಾರೆ. ಆದರೆ ಅಲ್ಲಿ ಹೋದ ಮೇಲೆ ನನಗೆ ಬರುವ ಮೇಲ್‌ಗಳಲ್ಲಿ ಇರುವ ವಿಷಯವೇ ಬೇರೆ. ಪ್ರೊಫೆಸರ್ ಮೂರು ವಾರದಿಂದ ಕರೆದಿಲ್ಲ, ನಾನಾಗಿ ಹೋಗಿ ಮಾತನಾಡಿಸಬಹುದಾ? ಲೈಬ್ರರಿಯಲ್ಲಿ ಪುಸ್ತಕ ಕೊಡುತ್ತಿಲ್ಲ, ಯಾರನ್ನು ಕೇಳಬೇಕು? ಬಾಡಿಗೆ ಕರಾರು ಕೊಡದೆ ಮುಂಗಡ ಕೇಳುತ್ತಿದ್ದಾರೆ, ಕೊಡಲಾ?

ಇವುಗಳಲ್ಲಿ ಹೆಚ್ಚಿನವು ಅಲ್ಲೇ ಯಾರನ್ನಾದರೂ ಕೇಳಿದ್ದರೆ ಎರಡು ದಿನದಲ್ಲಿ ಮುಗಿಯುವಂಥವು. ಕೇಳಲು ಸಂಕೋಚ, ಯಾರನ್ನು ಕೇಳಬೇಕು ಅನ್ನುವ ಗೊಂದಲ. ಅಷ್ಟರಲ್ಲಿ ಒಂದು ತಿಂಗಳು ಕಳೆದಿರುತ್ತದೆ. ಹಾಗಾಗಿ ಈ ಸಲ ಮಾಹಿತಿಯನ್ನೆಲ್ಲ ಬರೆದು ಮೊದಲೇ ಕಳಿಸಿಬಿಡೋಣ, ದಿನದ ಹೆಚ್ಚು ಪಾಲು ಸಹಾಯ ಕೇಳುವುದನ್ನು ಅಭ್ಯಾಸ ಮಾಡಿಸೋಣ ಅಂತ ನನ್ನ ಯೋಚನೆ. ಹೋಗಿ ಬಂದವರು ಏನಂತೀರಿ?

ಕಾಗದಪತ್ರ

ಮೇಡಂ, ಅರ್ಧ ಒಪ್ಪುತ್ತೇನೆ. ಆದರೆ ಕಾಗದಪತ್ರದ ವಿಷಯವನ್ನು ಪೂರ್ತಿ ಮೇಲ್‌ಗೆ ಬಿಡಬೇಡಿ. ಅಲ್ಲಿ ಆಗುವ ತಪ್ಪನ್ನು ಆಮೇಲೆ ಸರಿಮಾಡುವುದು ಕಷ್ಟ. ವೀಸಾ ಹೇಗೆ ಪಡೆಯುವುದು ಅನ್ನುವುದನ್ನು ಎಲ್ಲರೂ ಹೇಗೋ ತಿಳಿದುಕೊಳ್ಳುತ್ತಾರೆ. ವೀಸಾ ಸಿಕ್ಕ ಮೇಲೆ ಪಾಲಿಸಬೇಕಾದ ನಿಯಮಗಳ ಕಡೆ ಯಾರ ಗಮನವೂ ಹೋಗುವುದಿಲ್ಲ.

ಅಮೆರಿಕದ ಜೆ-1, ಅಂದರೆ ವಿನಿಮಯ ಕಾರ್ಯಕ್ರಮದಲ್ಲಿ ಹೋಗುವವರಿಗೆ ಕೊಡುವ ವೀಸಾ, ತೆಗೆದುಕೊಳ್ಳಿ. ಪಾಸ್‌ಪೋರ್ಟ್‌ನಲ್ಲಿರುವ ವೀಸಾ ಪ್ರವೇಶ ಕೇಳಲು ಮಾತ್ರ. ಒಳಗೆ ಎಷ್ಟು ದಿನ ಇರಬಹುದು ಅನ್ನುವುದು ಕಾರ್ಯಕ್ರಮದ ಅವಧಿ ತೋರಿಸುವ ಡಿಎಸ್-2019 ನಮೂನೆ ಮತ್ತು ದೇಶದೊಳಗೆ ಬಂದದ್ದನ್ನು ತೋರಿಸುವ ಐ-94 ದಾಖಲೆಯ ಮೇಲೆ ನಿಂತಿದೆ. ಕಾರ್ಯಕ್ರಮ ಶುರುವಾಗುವ ದಿನಕ್ಕಿಂತ 30 ದಿನ ಮುಂಚೆ ಒಳಗೆ ಹೋಗಬಹುದು. ಮುಗಿದ ಮೇಲೆ ಹೊರಡಲು 30 ದಿನ ಸಿಗುತ್ತದೆ, ಆದರೆ ಆ ದಿನಗಳಲ್ಲಿ ಕೆಲಸ ಮಾಡುವಂತಿಲ್ಲ. ತಲುಪಿದ ಕೂಡಲೇ ಅಲ್ಲಿನ ಅಂತರರಾಷ್ಟ್ರೀಯ ಕಚೇರಿಗೆ ತಿಳಿಸಬೇಕು. ಅವರು ಸೆವಿಸ್ ಅನ್ನುವ ಸರ್ಕಾರಿ ವ್ಯವಸ್ಥೆಯಲ್ಲಿ ನೀವು ಬಂದಿದ್ದೀರಿ ಅಂತ ದಾಖಲಿಸುತ್ತಾರೆ. "ಜೆಟ್ ಲ್ಯಾಗ್ ಇದೆ, ಮುಂದಿನ ವಾರ ನೋಡೋಣ" ಅನ್ನುವಂಥ ಕೆಲಸ ಅಲ್ಲ ಇದು. ಮನೆ ಬದಲಿಸಿದರೆ 10 ದಿನದೊಳಗೆ ಹೊಸ ವಿಳಾಸ ಕೊಡಬೇಕು. ಮಧ್ಯದಲ್ಲಿ ಸಮ್ಮೇಳನಕ್ಕೆ ಬೇರೆ ದೇಶಕ್ಕೆ ಹೋಗಿ ವಾಪಸ್ ಬರುವುದಿದ್ದರೆ ಡಿಎಸ್-2019 ಮೇಲೆ ಆ ಕಚೇರಿಯವರ ಪ್ರಯಾಣದ ಸಹಿ ಇರಬೇಕು. ಇನ್ನೊಂದು ವಿಶ್ವವಿದ್ಯಾಲಯದವರು ಉಪನ್ಯಾಸಕ್ಕೆ ಕರೆದು ಗೌರವಧನ ಕೊಡುತ್ತೇವೆ ಅಂದರೆ ಖುಷಿಯಿಂದ ಒಪ್ಪಿಕೊಂಡುಬಿಡುತ್ತಾರೆ ಅಲ್ವಾ? ಅದಕ್ಕೂ ನಿಮ್ಮನ್ನು ಕರೆಸಿಕೊಂಡ ಸಂಸ್ಥೆಯ ಲಿಖಿತ ಒಪ್ಪಿಗೆ ಮೊದಲೇ ಬೇಕು.

ಎರಡು ವರ್ಷದ ನಿಯಮವನ್ನು ಸಹಿ ಹಾಕುವ ಮುಂಚೆಯೇ ಬಿಡಿಸಿ ಹೇಳಿ. ಸರ್ಕಾರದ ಹಣದಲ್ಲಿ ಜೆ-1 ಮೇಲೆ ಹೋದವರು ಸಾಮಾನ್ಯವಾಗಿ ಇದರ ಅಡಿ ಬರುತ್ತಾರೆ. ಒಟ್ಟು ಎರಡು ವರ್ಷ ತಮ್ಮ ದೇಶದಲ್ಲಿ ಇರುವವರೆಗೆ ಅಥವಾ ವಿನಾಯಿತಿ ಸಿಗುವವರೆಗೆ ಎಚ್-1ಬಿ ಅನ್ನುವ ಕೆಲಸದ ವೀಸಾ ಆಗಲಿ, ಗ್ರೀನ್ ಕಾರ್ಡ್ ಆಗಲಿ ಸಿಗುವುದಿಲ್ಲ. ಬದುಕಿನ ಮುಂದಿನ ಹೆಜ್ಜೆ ಇದರ ಮೇಲೆ ನಿಂತಿರುತ್ತದೆ. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಗೊತ್ತಾದರೆ ಏನು ಪ್ರಯೋಜನ?

ತೆರಿಗೆ ಇನ್ನೊಂದು. ಅಲ್ಲಿ ಒಂದು ಡಾಲರ್ ಸಂಪಾದನೆ ಇಲ್ಲದಿದ್ದರೂ ತೆರಿಗೆ ಲೆಕ್ಕದಲ್ಲಿ ಅನಿವಾಸಿಯಾಗಿರುವ ಜೆ-1 ಸ್ಕಾಲರ್ 8843 ನಮೂನೆ ತುಂಬಿ ಕಳಿಸಬೇಕು.

ಜರ್ಮನಿಗೆ ಹೋಗುವವರು ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ಪತ್ರ ಬೇಕು. ಕೊಡುವುದಿಲ್ಲ ಅನ್ನುವ ಮನೆಗೆ ಹೋಗಲೇಬೇಡಿ. ಜಪಾನ್‌ನಲ್ಲೂ ಹೀಗೇ, ನೆಲೆ ನಿಂತ 14 ದಿನದೊಳಗೆ ರೆಸಿಡೆನ್ಸ್ ಕಾರ್ಡ್ ತೆಗೆದುಕೊಂಡು ಹೋಗಿ ವಿಳಾಸ ಬರೆಸಬೇಕು.

ಸಂಯೋಜಕಿ

ಸರಿ ಸರ್. ಹಾಗಾದರೆ ದೇಶವಾರು ಒಂದೊಂದು ಪುಟ ಮಾಡುತ್ತೇನೆ, ತಲುಪಿದ ದಿನದಿಂದ ಲೆಕ್ಕ ಹಾಕಿ ಯಾವ ಕೆಲಸ ಯಾವ ದಿನದೊಳಗೆ ಅಂತ. ಅದನ್ನು ಕಾರ್ಯಾಗಾರದಲ್ಲಿ ಕೂತು ಅವರವರ ತಾರೀಖು ಹಾಕಿ ಅವರೇ ತುಂಬಲಿ. ಸುಮ್ನೆ ಓದಿ ಹೇಳಿದರೆ ಉಳಿಯುವುದಿಲ್ಲ.

ಲ್ಯಾಬ್ ಮೇಜು

ನಾನು ಪಿಎಚ್‌ಡಿ ಮಧ್ಯದಲ್ಲಿ ಹೋದವನು. ಮೇಡಂ ಹೇಳಿದ ಪ್ರೊಫೆಸರ್ ವಿಷಯದ ಬಗ್ಗೆಯೇ ಬರೆಯುತ್ತೇನೆ, ಯಾಕೆಂದರೆ ಹೊರಗೆ ಹೋದವರ ಸಮಯ ಅತಿ ಹೆಚ್ಚು ಹಾಳಾಗುವುದು ಅಲ್ಲೇ.

ಭೇಟಿ ಸ್ಕಾಲರ್ (ವಿಸಿಟಿಂಗ್ ಸ್ಕಾಲರ್) ಅಂದರೆ ವಿದ್ಯಾರ್ಥಿಯೂ ಅಲ್ಲ, ನೌಕರನೂ ಅಲ್ಲ. ವಿದ್ಯಾರ್ಥಿಗಳಿಗೆ ಸ್ವಾಗತದ ವಾರ ಇರುತ್ತದೆ, ಹಾಸ್ಟೆಲ್ ಇರುತ್ತದೆ, ಕೌನ್ಸೆಲಿಂಗ್ ಇರುತ್ತದೆ. ನೌಕರರಿಗೆ ಎಚ್‌ಆರ್ ಇರುತ್ತದೆ. ಸ್ಕಾಲರ್ ನವೆಂಬರ್‌ನಲ್ಲೋ ಮಾರ್ಚ್‌ನಲ್ಲೋ ಒಬ್ಬನೇ ಬಂದಿಳಿಯುತ್ತಾನೆ. ಅವನಿಗೆ ಸಿಗುವ ಗುರುತಿನ ಚೀಟಿಯಿಂದ ಯಾವ ಬಾಗಿಲು ತೆರೆಯುತ್ತದೆ, ಯಾವುದು ಇಲ್ಲ ಅನ್ನುವುದು ಅವನನ್ನು ಕರೆಸಿಕೊಂಡ ಪ್ರೊಫೆಸರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಇದರಲ್ಲಿ ಯಾರದೂ ಕೆಟ್ಟ ಮನಸ್ಸಿಲ್ಲ. ಅವನ ಹೆಸರು ಯಾವ ಪಟ್ಟಿಗೂ ಸೇರಿರುವುದಿಲ್ಲ, ಅಷ್ಟೇ.

ಹಾಗಾಗಿ ಟಿಕೆಟ್ ತೆಗೆಸುವ ಮುಂಚೆಯೇ ಇವನ್ನೆಲ್ಲ ಬರವಣಿಗೆಯಲ್ಲಿ ಕೇಳಿಬಿಡಬೇಕು. ಕೂರಲು ಜಾಗ ಇದೆಯಾ? ನೆಟ್‌ವರ್ಕ್ ಖಾತೆ ಯಾರು ಮಾಡಿಕೊಡುತ್ತಾರೆ? ಲೈಬ್ರರಿಯ ಜರ್ನಲ್‌ಗಳನ್ನು ಮನೆಯಿಂದ ಓದಬಹುದಾ? ಸಾಫ್ಟ್‌ವೇರ್ ಪರವಾನಗಿ ಸ್ಕಾಲರ್‌ಗೂ ಸಿಗುತ್ತದಾ? ಪ್ರಯೋಗಾಲಯ ಆದರೆ ಸುರಕ್ಷತಾ ತರಬೇತಿ ಯಾವಾಗ? ಅದು ಮುಗಿಯದೆ ಒಳಗೇ ಬಿಡದ ಲ್ಯಾಬ್‌ಗಳಿವೆ. ಜನರನ್ನು ಸಂದರ್ಶನ ಮಾಡುವ ಸಂಶೋಧನೆ ಆದರೆ ಎಥಿಕ್ಸ್ ಸಮಿತಿಯ ಒಪ್ಪಿಗೆ ಬೇಕು. ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಅಲ್ಲಿ ಹೋಗಿ ಅರ್ಜಿ ಹಾಕಿದರೆ ಇರುವ ಸಮಯದ ದೊಡ್ಡ ಪಾಲು ಕಾಯುವುದರಲ್ಲೇ ಹೋಗುತ್ತದೆ. ಮನೆಯಲ್ಲಿ ಕೂತೇ ಅರ್ಜಿ ಶುರು ಮಾಡಿ.

ಇನ್ನು ಪ್ರೊಫೆಸರ್ ಕರೆಯಲಿಲ್ಲ ಅನ್ನುವ ಮಾತು. ನಾವು ಅಂದುಕೊಳ್ಳುವುದು, ಅವರು ದೊಡ್ಡವರು, ಬಿಡುವಾದಾಗ ಕರೆಯುತ್ತಾರೆ ಅಂತ. ಅವರು ಅಂದುಕೊಳ್ಳುವುದು, ಇವನು ಸ್ವತಂತ್ರ ಸಂಶೋಧಕ, ಬೇಕಾದಾಗ ಬರುತ್ತಾನೆ ಅಂತ. ಇಬ್ಬರೂ ಮರ್ಯಾದೆಯಿಂದಲೇ ಸುಮ್ಮನಿರುತ್ತಾರೆ. ತಿಂಗಳು ಹೋಗುತ್ತದೆ. ಮೊದಲ ಭೇಟಿಯಲ್ಲೇ "ನಾವು ಎಷ್ಟು ದಿನಕ್ಕೊಮ್ಮೆ ಸೇರೋಣ, ಯಾವ ದಿನ?" ಅಂತ ಕೇಳಿ ಕ್ಯಾಲೆಂಡರ್‌ನಲ್ಲಿ ಹಾಕಿಸಿಕೊಳ್ಳಿ. ಪ್ರತಿ ಭೇಟಿಗೆ ಒಂದು ದಿನ ಮುಂಚೆ ಅರ್ಧ ಪುಟ ಕಳಿಸಿ: ಏನು ಮಾಡಿದೆ, ಎಲ್ಲಿ ನಿಂತಿದೆ, ಅವರಿಂದ ಏನು ಬೇಕು. ಇದನ್ನು ಯಾರೂ ಅಹಂಕಾರ ಅಂದುಕೊಳ್ಳುವುದಿಲ್ಲ, ಖುಷಿ ಪಡುತ್ತಾರೆ.

ಪ್ರಬಂಧದಲ್ಲಿ ಯಾರ ಹೆಸರು, ಯಾವ ಕ್ರಮದಲ್ಲಿ ಅನ್ನುವುದನ್ನೂ ಕೆಲಸ ಶುರುವಾಗುವ ಹೊತ್ತಿಗೇ ಮಾತನಾಡಿ. ಡೇಟಾ ವಾಪಸ್ ತರಬಹುದಾ ಅನ್ನುವುದನ್ನೂ. ಕೊನೆಯ ವಾರದಲ್ಲಿ ಈ ಮಾತು ತೆಗೆದರೆ ಮನಸ್ಸು ಕಹಿಯಾಗುತ್ತದೆ.

ಸದ್ಯದಲ್ಲೇ ಹೊರಡುವವಳು

ಅಣ್ಣ, ತುಂಬಾ ಉಪಯೋಗವಾಯಿತು. ಆದರೆ ನಿಜ ಹೇಳಬೇಕೆಂದರೆ ನನಗೆ ಇಷ್ಟೊಂದು ಪ್ರಶ್ನೆ ಒಟ್ಟಿಗೆ ಕೇಳಿ ಮೇಲ್ ಹಾಕಲು ಭಯ. ಆಮಂತ್ರಣ ಕೊಟ್ಟಿದ್ದೇ ದೊಡ್ಡದು, ಈಗ ಮೇಜು ಕುರ್ಚಿ ಕೇಳುವುದಾ ಅನ್ನಿಸುತ್ತದೆ. ಅವರನ್ನು ಹೆಸರು ಹಿಡಿದು ಕರೆಯಬೇಕೋ, ಪ್ರೊಫೆಸರ್ ಅನ್ನಬೇಕೋ ಅದೂ ಗೊತ್ತಿಲ್ಲ.

ಲ್ಯಾಬ್ ಮೇಜು

ಭಯ ಸಹಜ ತಂಗಿ. ಮೇಜು ಕುರ್ಚಿಯ ವಿಷಯ ಪ್ರೊಫೆಸರಿಗೆ ಹೋಗುವುದೇ ಬೇಡ. ಅವರಿಗೆ ನಾಲ್ಕು ಸಾಲು ಸಾಕು. ಹೀಗೆ ಬರೆಯಿರಿ:

"ನಾನು ಇಂಥ ತಾರೀಖಿಗೆ ತಲುಪುತ್ತೇನೆ. ಮೊದಲ ವಾರದಲ್ಲಿ ಅರ್ಧ ಗಂಟೆ ನಿಮ್ಮನ್ನು ಭೇಟಿಯಾಗಬಹುದೇ? ಮೊದಲ ಮೂರು ತಿಂಗಳ ಕೆಲಸದ ಯೋಜನೆಯನ್ನು ಜೊತೆಗೆ ಇಟ್ಟಿದ್ದೇನೆ, ನಿಮ್ಮ ಸಲಹೆ ಬೇಕು. ಜಾಗ, ನೆಟ್‌ವರ್ಕ್ ಖಾತೆ, ಲೈಬ್ರರಿ ಇಂಥ ವಿಷಯಗಳಿಗೆ ವಿಭಾಗದಲ್ಲಿ ಯಾರಿಗೆ ಬರೆಯಬೇಕು ಎಂದು ತಿಳಿಸುತ್ತೀರಾ?"

ಕೊನೆಯ ಸಾಲೇ ಮುಖ್ಯ. ಅವರು ವಿಭಾಗದ ಆಡಳಿತ ನೋಡಿಕೊಳ್ಳುವವರ ಹೆಸರು ಕೊಡುತ್ತಾರೆ. ಉಳಿದ ಪ್ರಶ್ನೆಗಳು ಅವರಿಗೆ. ಅವರ ಕೆಲಸವೇ ಅದು. ತಲುಪಿದ ಮೇಲೆ ಆ ವ್ಯಕ್ತಿಯನ್ನು ಮೊದಲು ಹೋಗಿ ನೋಡಿ, ಪರಿಚಯ ಮಾಡಿಕೊಳ್ಳಿ, ಧನ್ಯವಾದ ಹೇಳಿ. ಇಡೀ ವಿಭಾಗದಲ್ಲಿ ನಿಮಗೆ ಅತಿ ಹೆಚ್ಚು ಸಹಾಯ ಮಾಡುವವರು ಅವರೇ ಆಗಿರುತ್ತಾರೆ.

ಕರೆಯುವ ವಿಷಯಕ್ಕೆ: ಮೊದಲು ಪ್ರೊಫೆಸರ್ ಅಂತಲೇ ಬರೆಯಿರಿ. ಅವರು ಉತ್ತರದ ಕೊನೆಯಲ್ಲಿ ಬರೀ ಮೊದಲ ಹೆಸರು ಹಾಕಿದರೆ, ಅಥವಾ ಹೆಸರು ಹಿಡಿದೇ ಕರೆಯಿರಿ ಅಂದರೆ ಹಾಗೇ ಕರೆಯಿರಿ. ಅಮೆರಿಕದಲ್ಲಿ ಇದು ಬೇಗ ಆಗುತ್ತದೆ. ಜರ್ಮನಿಯಲ್ಲಿ, ಜಪಾನ್‌ನಲ್ಲಿ ಅವರಾಗಿ ಹೇಳುವವರೆಗೆ ಕಾಯಿರಿ.

ಕ್ರೆಡಿಟ್ ಲೆಕ್ಕ

ಓದಲು ಹೋಗುವ ವಿದ್ಯಾರ್ಥಿಗಳ ಪರವಾಗಿ ಸ್ವಲ್ಪ. ಯುರೋಪಿನಲ್ಲಿ ಓದನ್ನು ಇಸಿಟಿಎಸ್ ಅನ್ನುವ ಕ್ರೆಡಿಟ್‌ಗಳಲ್ಲಿ ಅಳೆಯುತ್ತಾರೆ, ಒಂದು ಪೂರ್ಣ ವರ್ಷ ಅಂದರೆ 60 ಕ್ರೆಡಿಟ್. ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆ ಕೆಲಸ ಅಂತ ಲೆಕ್ಕ, ತರಗತಿ ಅದರಲ್ಲಿ ಸಣ್ಣ ಭಾಗ. ವೇಳಾಪಟ್ಟಿ ಖಾಲಿ ಕಾಣುತ್ತದೆ ಅಂತ ಇನ್ನೆರಡು ಕೋರ್ಸ್ ಹಾಕಿಕೊಳ್ಳಬೇಡಿ. ಆ ಖಾಲಿ ಜಾಗ ಓದುವುದಕ್ಕೆ ಬಿಟ್ಟಿದ್ದು.

ಯುರೋಪಿನ ಎರಾಸ್ಮಸ್ ವಿನಿಮಯ ಕಾರ್ಯಕ್ರಮದಲ್ಲಿ ಲರ್ನಿಂಗ್ ಅಗ್ರಿಮೆಂಟ್ ಅಂತ ಇರುತ್ತದೆ, ಯಾವ ಕೋರ್ಸ್ ಓದುವುದು ಅನ್ನುವ ಒಪ್ಪಂದ, ಕಳಿಸುವ ಸಂಸ್ಥೆ, ಕರೆಸಿಕೊಳ್ಳುವ ಸಂಸ್ಥೆ, ವಿದ್ಯಾರ್ಥಿ ಮೂವರ ಸಹಿಯೊಂದಿಗೆ. ಅಲ್ಲಿ ಹೋದಾಗ ಕೋರ್ಸ್ ರದ್ದಾಗಿರುವುದು, ವೇಳೆ ಕೂಡದಿರುವುದು ಮಾಮೂಲು. ಬದಲಿಸಿದ ಕೂಡಲೇ ಒಪ್ಪಂದವನ್ನೂ ತಿದ್ದಿಸಿ. ಬಾಯಿಮಾತಿನ "ಪರವಾಗಿಲ್ಲ" ವಾಪಸ್ ಬಂದ ಮೇಲೆ ಅಂಕಪಟ್ಟಿಗೆ ಸೇರುವುದಿಲ್ಲ. ಬೇರೆ ಕಾರ್ಯಕ್ರಮದಲ್ಲಿ ಹೋಗುವವರೂ ಇಂಥದ್ದೊಂದು ಕಾಗದ ಮಾಡಿಸಿಕೊಳ್ಳುವುದು ಒಳ್ಳೆಯದು. ಜರ್ಮನಿಯಲ್ಲಿ 1.0 ಅತ್ಯುತ್ತಮ ಗ್ರೇಡ್, 4.0 ಬರೀ ಪಾಸು. ಇದನ್ನು ನಿಮ್ಮ ಪರೀಕ್ಷಾ ವಿಭಾಗಕ್ಕೆ ನೀವೇ ಮೊದಲು ತಿಳಿಸಿಡಿ. ಅಲ್ಲಿ ತರಗತಿಯ ಸಮಯದ ಪಕ್ಕ ಸಿ.ಟಿ. ಅಂತ ಇದ್ದರೆ ಹದಿನೈದು ನಿಮಿಷ ತಡವಾಗಿ ಶುರು, ಎಸ್.ಟಿ. ಅಂತ ಇದ್ದರೆ ಸರಿಯಾಗಿ ಆ ಸಮಯಕ್ಕೆ.

ಕೃತಿಚೌರ್ಯದ ಬಗ್ಗೆ ಒಂದು ಗಂಟೆ ಇಡಿ ಮೇಡಂ. ವಾಕ್ಯ ಬದಲಿಸಿ ಬರೆದರೂ ಮೂಲ ಹೇಳಬೇಕು. ಹಿಂದಿನ ಕೋರ್ಸಿಗೆ ಬರೆದ ನಿಮ್ಮದೇ ಬರಹವನ್ನು ಕೇಳದೆ ಮತ್ತೆ ಕೊಡಬಾರದು. ಎಐ ಬಳಸಬಹುದಾ ಅನ್ನುವುದು ಕೋರ್ಸಿನಿಂದ ಕೋರ್ಸಿಗೆ ಬೇರೆ. ಗೊತ್ತಿಲ್ಲದೆ ಮಾಡಿದೆ ಅಂದರೂ ಸಮಿತಿಯ ಮುಂದೆ ನಿಲ್ಲಬೇಕಾಗುತ್ತದೆ. ಒಳ್ಳೆಯ ವಿದ್ಯಾರ್ಥಿಗಳೂ ಇದರಲ್ಲಿ ಸಿಕ್ಕಿಕೊಳ್ಳುತ್ತಾರೆ, ನೋಡಿದರೆ ಸಂಕಟವಾಗುತ್ತದೆ.

ಸಮಾಜಶಾಸ್ತ್ರ

ಮೇಡಂ, ಸಂಸ್ಕೃತಿಯ ಸ್ಲೈಡುಗಳಲ್ಲಿ ಇಂಗ್ಲಿಷಿನ ಯು ಅಕ್ಷರದ ಗೆರೆ ಒಂದು ಇದ್ದೇ ಇರುತ್ತದೆ ಅಲ್ವಾ? ಮೊದಲು ಖುಷಿ, ಆಮೇಲೆ ಕುಸಿತ, ಆಮೇಲೆ ಚೇತರಿಕೆ. ಅದು ಎಲ್ಲಿಂದ ಬಂತು ಅನ್ನುವುದನ್ನು ಹೇಳುತ್ತೇನೆ, ಅದು ನಮ್ಮ ವಿಷಯಕ್ಕೇ ಸೇರಿದ್ದು.

ಎರಡನೇ ಮಹಾಯುದ್ಧ ಮುಗಿದ ಮೇಲೆ 1946ರಲ್ಲಿ ಅಮೆರಿಕ ಫುಲ್‌ಬ್ರೈಟ್ ಅನ್ನುವ ವಿನಿಮಯ ಕಾರ್ಯಕ್ರಮ ಶುರು ಮಾಡಿತು. ಅದರ ಮೂಲಕ ಅಮೆರಿಕಕ್ಕೆ ಹೋಗಿ ಬಂದ 200 ನಾರ್ವೆಯವರನ್ನು ಮಾತನಾಡಿಸಿ ಸಮಾಜಶಾಸ್ತ್ರಜ್ಞ ಸ್ವೆರ್ರೆ ಲಿಸ್ಗೋರ್ 1955ರಲ್ಲಿ ಬರೆದರು: ಆರು ತಿಂಗಳಿಗಿಂತ ಕಡಿಮೆ ಇದ್ದವರೂ ಚೆನ್ನಾಗಿ ಹೊಂದಿಕೊಂಡಿದ್ದರು, 18 ತಿಂಗಳಿಗಿಂತ ಹೆಚ್ಚು ಇದ್ದವರೂ ಚೆನ್ನಾಗಿದ್ದರು, ನಡುವಿನವರೇ ಕಷ್ಟಪಟ್ಟಿದ್ದರು. ಅಂದರೆ ಆ ಗೆರೆ ಒಬ್ಬೊಬ್ಬರನ್ನು ತಿಂಗಳು ತಿಂಗಳು ಹಿಂಬಾಲಿಸಿ ಬರೆದದ್ದಲ್ಲ. ಬೇರೆ ಬೇರೆ ಅವಧಿಗೆ ಹೋಗಿದ್ದ ಬೇರೆ ಬೇರೆ ಜನರನ್ನು ಹೋಲಿಸಿದ್ದು. ಹೊಸ ಸಂಸ್ಕೃತಿಯಲ್ಲಿ ಆಗುವ ತಬ್ಬಿಬ್ಬಿಗೆ ಕಲ್ಚರ್ ಶಾಕ್ ಅನ್ನುವ ಮಾತನ್ನು ಜನಪ್ರಿಯ ಮಾಡಿದ ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ ಕೂಡ ಮೊದಲ ಹಂತ ಮಧುಚಂದ್ರದಂತೆ ಇರುತ್ತದೆ ಅಂದರು.

ಆಮೇಲೆ ಮನಶ್ಶಾಸ್ತ್ರಜ್ಞೆ ಕಾಲೀನ್ ವಾರ್ಡ್ ಮತ್ತು ಜೊತೆಗಾರರು ನ್ಯೂಜಿಲೆಂಡಿಗೆ ಓದಲು ಬಂದ ಜಪಾನಿ ವಿದ್ಯಾರ್ಥಿಗಳನ್ನು ಬಂದ ದಿನದಿಂದ ಒಂದು ವರ್ಷ ಹಿಂಬಾಲಿಸಿದರು. 1998ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಕಂಡದ್ದು ಮಧುಚಂದ್ರ ಅಲ್ಲ. ತೊಂದರೆ ಅತಿ ಹೆಚ್ಚು ಇದ್ದದ್ದು ಬಂದಿಳಿದ ಹೊಸದರಲ್ಲೇ.

ಇದರಿಂದ ಕಾರ್ಯಾಗಾರಕ್ಕೆ ಏನು ಅಂತ ಕೇಳಿದರೆ, ಮೊದಲ ತಿಂಗಳು ಖುಷಿಯಾಗಿರುತ್ತದೆ ಅಂತ ಯಾರಿಗೂ ಹೇಳಬೇಡಿ. ಮೊದಲ ರಾತ್ರಿಯೇ ಅಳು ಬಂದ ಹುಡುಗ ತನ್ನಲ್ಲೇ ಏನೋ ಕೊರತೆ ಇದೆ ಅಂದುಕೊಳ್ಳುತ್ತಾನೆ. ಯಾರಿಗೂ ಹೇಳುವುದಿಲ್ಲ. ನೀವು ಹೇಳುತ್ತಿರುವ ಕೇಳುವ ಅಭ್ಯಾಸ ಅವನಿಗೆ ಆಗಲೇ ಬೇಕಾಗುತ್ತದೆ, ಮೊದಲ 72 ಗಂಟೆಯಲ್ಲಿ. ಎಲ್ಲಿ ಮಲಗುವುದು, ಯಾರಿಗೆ ಫೋನ್ ಮಾಡುವುದು, ಮರುದಿನ ಎಲ್ಲಿಗೆ ಹೋಗುವುದು, ಇಷ್ಟು ಒಂದು ಕಾಗದದ ಮೇಲೆ ಬರೆದು ಜೇಬಿನಲ್ಲಿರಲಿ. ಫೋನ್ ಸತ್ತರೂ ಅದು ಇರುತ್ತದೆ.

ಸಂಸಾರ ಸಮೇತ

ಕುಟುಂಬದ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ನಾನು. ಗಂಡನ ಸಂಶೋಧನೆಗೆ ಜೊತೆಯಲ್ಲಿ ಹೋದವಳು ನಾನು. ಸ್ಕಾಲರ್‌ಗೆ ಬೆಳಿಗ್ಗೆ ಎದ್ದರೆ ಹೋಗಲು ಒಂದು ಜಾಗ ಇದೆ, ಮಾತನಾಡಲು ಜನ ಇದ್ದಾರೆ. ಜೊತೆಗೆ ಹೋದವರಿಗೆ ಇಡೀ ದಿನ ನಾಲ್ಕು ಗೋಡೆ. ದಯವಿಟ್ಟು ಅವರನ್ನೂ ಕಾರ್ಯಾಗಾರಕ್ಕೆ ಕರೆಯಿರಿ, ಹಿಂದಿನ ಸಾಲಿನಲ್ಲಿ ಕೂರಿಸಲು ಅಲ್ಲ, ಅವರಿಗೇ ಅಂತ ಒಂದು ಗಂಟೆ ಇಟ್ಟು.

ಅಮೆರಿಕದಲ್ಲಿ ಜೆ-2, ಅಂದರೆ ಜೆ-1ನವರ ಗಂಡ, ಹೆಂಡತಿ, ಮಕ್ಕಳಿಗೆ ಕೊಡುವ ವೀಸಾ, ಅದರ ಮೇಲೆ ಹೋದವರು ಓದಬಹುದು. ಕೆಲಸ ಮಾಡಬೇಕಾದರೆ ಐ-765 ಅರ್ಜಿ ಹಾಕಿ ಅನುಮತಿ ಪಡೆಯಬೇಕು. ಅಲ್ಲಿಗೆ ಹೋದ ಮೇಲೆ ಹಾಕುವ ಅರ್ಜಿ, ತಿಂಗಳುಗಟ್ಟಲೆ ಹಿಡಿಯಬಹುದು. ಆ ಸಂಪಾದನೆ ಜೆ-1ನವರ ಖರ್ಚಿಗೆ ಅಂತ ತೋರಿಸುವಂತಿಲ್ಲ. ಇಷ್ಟು ಗೊತ್ತಿದ್ದರೆ ಹೊರಡುವ ಮುಂಚೆಯೇ ಲೆಕ್ಕ ಹಾಕಬಹುದು. ಮಕ್ಕಳ ಲಸಿಕೆ ದಾಖಲೆಯನ್ನು ಇಂಗ್ಲಿಷಿನಲ್ಲಿ, ತಾರೀಖು ಸಮೇತ, ವೈದ್ಯರ ಸಹಿಯೊಂದಿಗೆ ತೆಗೆದುಕೊಂಡು ಹೋಗಿ. ಶಾಲೆಯಲ್ಲಿ ಮೊದಲು ಕೇಳುವುದೇ ಅದು. ಶಾಲೆಯ ವರ್ಷ ಯಾವಾಗ ಶುರು ಅಂತ ನೋಡಿ ಪ್ರಯಾಣದ ತಾರೀಖು ಇಟ್ಟುಕೊಳ್ಳಿ.

ಕಾಗದಪತ್ರ

ಒಳ್ಳೆಯ ಮಾತು ಅಕ್ಕ. ಆರೋಗ್ಯದ ವಿಷಯ ಬಂದಿದ್ದರಿಂದ ಎರಡು ಮಾತು ಸೇರಿಸುತ್ತೇನೆ.

ಜೆ-1 ಮೇಲೆ ಹೋಗುವವರ ವಿಮೆಗೆ ಕಾನೂನಿನಲ್ಲೇ ಕನಿಷ್ಠ ಮಟ್ಟ ಇದೆ. ಒಂದು ಕಾಯಿಲೆ ಅಥವಾ ಅಪಘಾತಕ್ಕೆ 1,00,000 ಡಾಲರ್, ವೈದ್ಯಕೀಯ ಕಾರಣಕ್ಕೆ ತಾಯ್ನಾಡಿಗೆ ಸಾಗಿಸಲು 50,000, ಸಾವು ಸಂಭವಿಸಿದರೆ ದೇಹ ಕಳಿಸಲು 25,000. ಡಿಡಕ್ಟಿಬಲ್, ಅಂದರೆ ಪ್ರತಿ ಸಲ ನಮ್ಮ ಕೈಯಿಂದ ಹೋಗುವ ಮೊದಲ ಭಾಗ, 500 ಡಾಲರ್ ಮೀರಬಾರದು. ಜೆ-2ನವರಿಗೂ ಇದೇ. ಅಗ್ಗದ ಪ್ರವಾಸಿ ವಿಮೆ ತೆಗೆದುಕೊಳ್ಳುವ ಮುಂಚೆ ಈ ಅಂಕಿಗಳನ್ನು ಪಾಲಿಸಿಯ ಜೊತೆ ಇಟ್ಟು ನೋಡಿ. ಮೊದಲೇ ಇರುವ ಕಾಯಿಲೆಗೆ ಹಣ ಕೊಡುತ್ತಾರಾ ಅನ್ನುವುದನ್ನೂ ಓದಿ.

ಔಷಧಿ ಒಯ್ಯುವವರು ಆ ದೇಶದ ನಿಯಮ ನೋಡಲೇಬೇಕು. ಜಪಾನ್‌ನಲ್ಲಿ ಆಂಫೆಟಮಿನ್ ಇರುವ ಔಷಧಿ ವೈದ್ಯರ ಚೀಟಿ ಇದ್ದರೂ ಒಳಗೆ ಬಿಡುವುದಿಲ್ಲ. ಬೇರೆ ಕಡೆ ಮಾಮೂಲಾಗಿ ಸಿಗುವ ಕೆಲವು ನೆಗಡಿ ಮಾತ್ರೆಗಳಲ್ಲಿರುವ ಸ್ಯೂಡೋಎಫಿಡ್ರಿನ್ ಪ್ರಮಾಣ 10 ಶೇಕಡಾ ಮೀರಿದರೆ ಅದಕ್ಕೂ ನಿಷೇಧ ಇದೆ. ವೈದ್ಯರ ಚೀಟಿಯ ಔಷಧಿಯನ್ನು ಒಂದು ತಿಂಗಳಿಗಿಂತ ಹೆಚ್ಚಿಗೆ ಆಗುವಷ್ಟು ಒಯ್ಯಲು ಮೊದಲೇ ಆಮದು ಪ್ರಮಾಣಪತ್ರ ಪಡೆಯಬೇಕು.

ಸದ್ಯದಲ್ಲೇ ಹೊರಡುವವಳು

ಮೇಲ್ ಹಾಕಿದೆ ಅಣ್ಣ. ಮರುದಿನವೇ ಉತ್ತರ ಬಂತು, ವಿಭಾಗದ ಕಚೇರಿಯವರ ಹೆಸರೂ ಕೊಟ್ಟಿದ್ದಾರೆ. ನಾನು ಹೇಳದೇ ಇದ್ದರೂ ಹಳೇ ಸ್ಕಾಲರ್ ಒಬ್ಬರ ಪರಿಚಯವನ್ನೂ ಮಾಡಿಸಿದರು. ಮನೆಯ ಬಗ್ಗೆ ಅವರನ್ನೇ ಕೇಳಿದೆ. ನೋಡದೆ ಮುಂಗಡ ಕಳಿಸಬೇಡ, ಮೊದಲ ಎರಡು ವಾರಕ್ಕೆ ವಿಶ್ವವಿದ್ಯಾಲಯದ ಅತಿಥಿಗೃಹ ಹಿಡಿ, ಆಮೇಲೆ ಕಣ್ಣಾರೆ ನೋಡಿ ಕರಾರು ಮಾಡು ಅಂದರು. ಮೇಡಂ, ಇಂಥ ಹಳಬರನ್ನು ಕಾರ್ಯಾಗಾರಕ್ಕೇ ವಿಡಿಯೋ ಕರೆಯಲ್ಲಿ ತರಲು ಆಗುತ್ತದಾ?

ವಾಪಸ್ ಬಂದವನು

ಎಲ್ಲರೂ ಹೋಗುವುದನ್ನೇ ಬರೆಯುತ್ತಿದ್ದೀರಿ. ವಾಪಸ್ ಬರುವುದಕ್ಕೂ ತಯಾರಿ ಬೇಕು. ಸಂಶೋಧಕರಾದ ಗುಲ್ಲಾಹಾರ್ನ್ ದಂಪತಿ 1963ರಲ್ಲೇ ಬರೆದಿದ್ದಾರೆ, ತಾಯ್ನಾಡಿಗೆ ಮರಳಿದಾಗ ಇನ್ನೊಂದು ಕುಸಿತ ಇರುತ್ತದೆ ಅಂತ. ನಾನು ಬಂದಾಗ ವಿಭಾಗದಲ್ಲಿ ನನ್ನ ಕೆಲಸ ಬೇರೆಯವರ ಕೈಯಲ್ಲಿತ್ತು. ಅಲ್ಲಿ ಕಲಿತದ್ದನ್ನು ಹೇಳಹೊರಟರೆ ದೊಡ್ಡಸ್ತಿಕೆ ಅಂದುಕೊಂಡರು. ತುಂಬಾ ನೋವಾಯಿತು. ಹೊರಡುವ ಮುಂಚೆಯೇ ಮಾರ್ಗದರ್ಶಕರ ಜೊತೆ ಕೂತು, ಬಂದ ಮೇಲೆ ಯಾವ ಕೋರ್ಸ್ ಪಾಠ ಮಾಡುತ್ತೇನೆ, ಯಾವ ತಂತ್ರವನ್ನು ಇಲ್ಲಿಯ ಲ್ಯಾಬ್‌ಗೆ ತರುತ್ತೇನೆ ಅಂತ ಬರೆದಿಟ್ಟುಕೊಂಡರೆ ಬಂದವರಿಗೆ ನಿಲ್ಲಲು ಜಾಗ ಇರುತ್ತದೆ. ಹೋದ ಮೇಲೂ ತಿಂಗಳಿಗೊಮ್ಮೆ ಇಲ್ಲಿಯವರಿಗೆ ಒಂದು ಪುಟ ಬರೆಯುತ್ತಿರಿ.

ಸಂಯೋಜಕಿ

ಇಷ್ಟು ಮನಸ್ಸಿಟ್ಟು ಬರೆದದ್ದಕ್ಕೆ ಎಲ್ಲರಿಗೂ ವಂದನೆ. ಕಾರ್ಯಕ್ರಮವನ್ನು ಹೀಗೆ ಬದಲಿಸಿದ್ದೇನೆ. ವೀಸಾ ಪಡೆಯುವ ಬಗ್ಗೆ, ಬ್ಯಾಂಕಿನ ಬಗ್ಗೆ ಇರುವುದೆಲ್ಲ ಎರಡು ವಾರ ಮುಂಚೆಯೇ ಮೇಲ್‌ನಲ್ಲಿ ಹೋಗುತ್ತದೆ. ಬೆಳಿಗ್ಗೆ ದೇಶವಾರು ಮೇಜುಗಳಲ್ಲಿ ಕೂತು ತಮ್ಮ ತಾರೀಖಿನ ಪುಟ ತುಂಬುತ್ತಾರೆ. ಎರಡು ವರ್ಷದ ನಿಯಮ ಮತ್ತು ವಿಮೆಯ ಅಂಕಿಗಳನ್ನು ಅಲ್ಲೇ ಬಿಡಿಸಿ ಹೇಳುತ್ತೇವೆ. ಆಮೇಲೆ ಕೃತಿಚೌರ್ಯದ ಗಂಟೆ, ನಿಜವಾದ ಪ್ಯಾರಾಗಳನ್ನು ಕೊಟ್ಟು ತಿದ್ದಿಸುವ ಹಾಗೆ. ಆ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಜೊತೆಗೆ ಹೋಗುವ ಮನೆಯವರ ಸಭೆ. ಸಂಸಾರ ಸಮೇತ ಅಕ್ಕ, ಅದನ್ನು ನೀವೇ ನಡೆಸಿಕೊಡುತ್ತೀರಾ?

ಮಧ್ಯಾಹ್ನ ಪೂರ್ತಿ ಅಭ್ಯಾಸ. ಹಳೇ ಸ್ಕಾಲರ್‌ಗಳು ವಿಡಿಯೋದಲ್ಲಿ ಪ್ರೊಫೆಸರ್ ಆಗಿ, ಮನೆ ಮಾಲೀಕರಾಗಿ, ಲೈಬ್ರರಿಯವರಾಗಿ ಕೂರುತ್ತಾರೆ. ಹೊರಡುವವರು ಒಬ್ಬೊಬ್ಬರಾಗಿ ಬಂದು ಕೇಳಬೇಕು, ಇಲ್ಲ ಅನ್ನಿಸಿಕೊಳ್ಳಬೇಕು, ಮತ್ತೆ ಬೇರೆ ರೀತಿಯಲ್ಲಿ ಕೇಳಬೇಕು. ಯುರೋಪಿಗೆ ಹೋಗುವವರು 112ಕ್ಕೆ, ಅಮೆರಿಕಕ್ಕೆ ಹೋಗುವವರು 911ಕ್ಕೆ, ಜಪಾನ್‌ಗೆ ಹೋಗುವವರು ಆಂಬುಲೆನ್ಸ್‌ಗೆ 119ಕ್ಕೆ ಕರೆ ಮಾಡಿ ತಾವಿರುವ ವಿಳಾಸ ಹೇಳುವುದನ್ನೂ ಆಡಿ ತೋರಿಸಬೇಕು. ದಿನ ಮುಗಿಯುವ ಮುಂಚೆ ಪ್ರತಿಯೊಬ್ಬರೂ ತಮ್ಮ ನಾಲ್ಕು ಸಾಲಿನ ಮೇಲ್ ಬರೆದು ಅಲ್ಲಿಂದಲೇ ಕಳಿಸಬೇಕು.

ಬಂದ ಮೇಲಿನ ಯೋಜನೆಯ ಪುಟವನ್ನು ಮಾರ್ಗದರ್ಶಕರ ಸಹಿಯೊಂದಿಗೆ ತರಲು ಹೇಳಿದ್ದೇನೆ. ಜಪಾನ್ ಮೇಜಿಗೆ ಮಾತ್ರ ಇನ್ನೂ ಯಾರೂ ಸಿಕ್ಕಿಲ್ಲ. ಅಲ್ಲಿ ಇದ್ದು ಬಂದವರು ಯಾರಾದರೂ ಅರ್ಧ ದಿನ ಕೊಡಲು ಆದರೆ ಇಲ್ಲೇ ತಿಳಿಸಿ.